ಅಲುಗಿಸಿದರೆ ಸದ್ದಾಗುವ ಕಡ್ಡಿಪೆಟ್ಟಿಗೆ

ಇದೇ ಸಾಕೇನೋ. ಇಲ್ಲ, ಇದೊಂದೇ ಸಾಲುವುದಿಲ್ಲ. ಹಾಗಾದರೆ ಅದು? ಅದರಿಂದ ಬೆಂಕಿ ಹೊತ್ತಿಸುವುದು ಹೇಗೆಂದೇ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಚೀಲದಲ್ಲಿ ಹೊತ್ತುಕೊಂಡು ಹೋಗಿ ಏನು ಮಾಡುವುದು? ಗೊತ್ತಿರುವುದನ್ನೇ ಒಯ್ದರೆ, ಅದು ಮಳೆಯಲ್ಲಿ ನೆನೆದರೆ?

ತಮ್ಮಣ್ಣ ಕೌದಿಯ ಮೇಲೆ ಮೂರು ಸಾಮಾನು ಇಟ್ಟುಕೊಂಡು ಕುಳಿತಿದ್ದ. ಒಂದು ಕಡ್ಡಿಪೆಟ್ಟಿಗೆ. ಇನ್ನೊಂದು ಅಡಿಗೆಮನೆಯ ಗ್ಯಾಸ್ ಲೈಟರ್. ಮೂರನೆಯದು ಬೆರಳಿನಷ್ಟು ಉದ್ದದ ಕಪ್ಪು ಸಲಾಕೆ. ಅದಕ್ಕೆ ದಾರದಲ್ಲಿ ಒಂದು ಸಣ್ಣ ಉಕ್ಕಿನ ಪಟ್ಟಿ ಕಟ್ಟಿತ್ತು. ಕೊಲ್ಹಾಪುರದ ವರ್ಕ್‌ಶಾಪಿನಲ್ಲಿ ದುಡಿಯುವ ಮಗ ಸೂರಜ ಅದನ್ನು ಕಳಿಸಿದ್ದ. "ಪಟ್ಟಿಲೆ ಗೀಚಿದ್ರ ಕಿಡಿ ಬರ್ತಾವಪ್ಪಾ. ತೋಯ್ದ್ರೂ ಬರ್ತಾವ" ಎಂದು ಫೋನಿನಲ್ಲಿ ಹೇಳಿದ್ದ. ಕಿಡಿ ಬಂದ ಮೇಲೆ ಏನು ಮಾಡಬೇಕು ಎಂದು ತಮ್ಮಣ್ಣ ಕೇಳಿರಲಿಲ್ಲ. ಕೇಳಬೇಕು ಎಂದುಕೊಂಡಷ್ಟರಲ್ಲಿ ಫೋನು ಕಡಿದಿತ್ತು.

ಮೊಬೈಲಿನಲ್ಲಿ ವಿಡಿಯೋ ನೋಡಿದ. ಒಬ್ಬನು ಲೈಟರಿನಂಥದ್ದು ಬೇರೆ ಇಲ್ಲ ಎಂದ. ಇನ್ನೊಬ್ಬನು ಲೈಟರ್ ನಂಬಿದವನು ಕೆಟ್ಟ ಎಂದ. ಮತ್ತೊಬ್ಬನು ಕಾಡಿನಲ್ಲಿ ನಿಂತು ಇಂಥದೇ ಸಲಾಕೆಯನ್ನು ಒಮ್ಮೆ ಗೀಚಿದ, ಭಗ್ಗನೆ ಬೆಂಕಿ ಎದ್ದಿತು. ತಮ್ಮಣ್ಣ ಗೀಚಿದಾಗ ಕರ್ ಎಂದು ಸದ್ದಾಯಿತು, ಅಷ್ಟೇ.

ಹೊರಗೆ ಸದ್ದಿರಲಿಲ್ಲ. ಅದೇ ಅವನನ್ನು ಹೆಚ್ಚು ಕಲಕಿತ್ತು. ಇಚಲಕರಂಜಿಯ ಆ ಗಲ್ಲಿಯಲ್ಲಿ ಹಗಲೂ ರಾತ್ರಿ ಮಗ್ಗಗಳ ಖಟಖಟ. ಮಗ್ಗದ ಶೆಡ್ಡುಗಳ ಹಿಂದೆಯೇ ಕೆಲಸಗಾರರ ಮನೆಗಳ ಸಾಲು. ಆ ಸದ್ದಿನೊಳಗೇ ಅವರು ಉಣ್ಣುವುದು, ಮಲಗುವುದು. ಇವತ್ತು ಮುಂಜಾನೆ ಒಂದೊಂದೇ ಶೆಡ್ಡು ನಿಂತು, ಮಳೆಯ ಸಪ್ಪಳ ಮಾತ್ರ ಉಳಿದಿತ್ತು. ಪಂಚಗಂಗೆ ಏರುತ್ತಿದೆ, ತಗ್ಗಿನ ಗಲ್ಲಿಯವರು ಸಾಮಾನು ಕಟ್ಟಿಕೊಳ್ಳಿ ಎಂದು ಗಾಡಿಯೊಂದು ಮರಾಠಿಯಲ್ಲಿ ಕೂಗುತ್ತ ಹೋಗಿತ್ತು.

ಒಳಕೋಣೆಯಲ್ಲಿ ಮಗಳು ಪ್ರಣಿತಾ, ಅವಳ ಮಗ್ಗುಲಲ್ಲಿ ಕೂಸು. ಗಡಹಿಂಗ್ಲಜದ ಗಂಡನ ಮನೆಯಿಂದ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಕೂಸು ಇನ್ನೂ ಕತ್ತು ನಿಲ್ಲಿಸಿರಲಿಲ್ಲ. ಬೀಗರ ಮನೆ ಎತ್ತರದ ಜಾಗದಲ್ಲಿದೆ, ಮಗಳನ್ನೂ ಕೂಸನ್ನೂ ಇವತ್ತೇ ಅಲ್ಲಿಗೆ ಮುಟ್ಟಿಸಬೇಕು ಎಂದು ಹೆಂಡತಿ ಚೆನ್ನವ್ವ ತೀರ್ಮಾನಿಸಿದ್ದಳು. ಪರಿಚಯದ ಟೆಂಪೋದವನಿಗೆ ಹೇಳಿಯೂ ಆಗಿತ್ತು. ತಮ್ಮಣ್ಣ ಹೌದು ಎನ್ನಲಿಲ್ಲ, ಬೇಡವೂ ಎನ್ನಲಿಲ್ಲ.

ಕೊಡೆ ಮಡಚುತ್ತ ವೃಷಾಲಿ ಒಳಗೆ ಬಂದಳು. ಅದೇ ಸಾಲಿನ ಇನ್ನೊಂದು ಮನೆಯ ಸೊಸೆ. ಗಲ್ಲಿಯ ಹೆಂಗಸರ ಬಚತ್ ಗಟ್, ಅಂದರೆ ಉಳಿತಾಯದ ಸಂಘ, ನಡೆಸುವವಳು. ಹಿಂದಿನ ನೆರೆಯ ನಂತರ ಆಪತ್ತಿನ ವೇಳೆ ಏನು ಮಾಡಬೇಕು ಎಂಬ ತರಬೇತಿಗೆ ಹೋಗಿ ಬಂದಿದ್ದಳು.

"ಮಾವಶಿ, ನೆರೀಚೀಲ ಕಟ್ಟಿದ್ರೇನು?"

"ಕಟ್ಟಾಕತ್ತೇನಿ ನೋಡವಾ. ಔಷಧ, ಅರಿವಿ, ಅವಲಕ್ಕಿ, ಚಾಪುಡಿ, ಕೂಸಿನ ಎಣ್ಣಿ" ಎಂದಳು ಚೆನ್ನವ್ವ.

"ಬೆಂಕಿ ಸಾಮಾನು?"

"ಬೆಂಕಿ ಯಾಕ ಬೇಕವಾ? ಬೀಗರ ಮನಿಗೆ ಹೊಂಟೇವಿ, ಅಡವಿಗಲ್ಲ."

"ದಾರ್ಯಾಗ ಸಿಕ್ಕೊಂಡ್ರ?"

"ದಾರಿ ತುಂಬ ಚಾದಂಗಡಿ ಅದಾವ."

"ಈ ಮಳ್ಯಾಗ ಯಾವ ಅಂಗಡಿ ತೆಗದಿರ್ತೈತಿ ಮಾವಶಿ? ಬಾಣಂತಿ ಕರಕೊಂಡು ಹೊಂಟೀರಿ. ಅದಕಿಂತ ಇಲ್ಲೇ ಸಾಲಿ ಕಟ್ಟಡದಾಗ ಇರ್ರಿ. ನಗರಪಾಲಿಕೆಯವರು ವ್ಯವಸ್ಥಾ ಮಾಡ್ಯಾರ."

"ಆ ಗದ್ದಲದಾಗ ಹಸಗೂಸು ಹಾಕ್ಕೊಂಡು ಕುಂದ್ರಲಿ ಅಂತೀಯೇನು?" ಚೆನ್ನವ್ವನ ದನಿ ಏರಿತು. "ಪ್ರಣಿತಾನ ಅಪ್ಪಾರ್ನ ನೋಡು, ಮುಂಜಾನಿಂದ ಮೂರು ಸಾಮಾನು ಇಟ್ಕೊಂಡು ಭವಿಷ್ಯ ಹೇಳವರ ಗತೆ ಕುಂತಾರ."

ವೃಷಾಲಿ ನಗುತ್ತ ತಮ್ಮಣ್ಣನ ಮುಂದೆ ಕುಳಿತಳು. "ಏನು ಕಾಕಾ, ಯಾವುದು ಒಯ್ಯಬೇಕು ಅನ್ನೂದು ತಿಳೀವಲ್ದೇನು?"

"ಒಬ್ಬಾವ ಇದು ಅಂತಾನ, ಇನ್ನೊಬ್ಬಾವ ಅದು ಅಂತಾನ. ಯಾವುದು ಖರೇ?"

"ಒಂದನ್ನಽ ನಂಬೂದು ತಪ್ಪು. ಇದು ನೋಡ್ರಿ" ಎಂದು ಅವಳು ಗ್ಯಾಸ್ ಲೈಟರ್ ಎತ್ತಿ ಬದಿಗಿಟ್ಟಳು. "ಇದು ಗ್ಯಾಸಿನ ಒಲಿ ಇದ್ದಲ್ಲಿ ಅಷ್ಟ. ಕಟ್ಟಿಗಿಗೆ ಹಿಡದ್ರ ಟಕ್ ಟಕ್ ಅಂತೈತಿ, ಹತ್ತೂದಿಲ್ಲ. ಮನ್ಯಾಗ ಬಿಡ್ರಿ. ಬೀಡಿ ಹಚ್ಚೂ ಲೈಟರ್ ಒಂದು ಇರಲಿ. ಒಳಗಿನ ಗ್ಯಾಸು ಹೊರಗ ಕಾಣೂವಂಥಾದ್ದು ನೋಡಿ ತೊಗೋರಿ. ಕಡ್ಡಿಪೆಟ್ಟಿಗಿ ಇರಲಿ, ಗಟ್ಟಿ ಮುಚ್ಚಳದ ಡಬ್ಬ್ಯಾಗ ಹಾಕ್ರಿ. ಇನ್ನ ಈ ಸಲಾಕಿ ಭಾಳ ಚೊಲೋದು. ಆದ್ರ ಬರೇ ಕಿಡಿ ಕೊಡ್ತೈತಿ, ಉರಿ ಕೊಡೂದಿಲ್ಲ. ಮೊದಲ ಮ್ಯಾಲಿನ ಕರೀ ಬಣ್ಣ ಕೆರದು ತೆಗೀಬೇಕು. ಆಮ್ಯಾಲ ಹತ್ತಿ ಬಿಡಿಸಿ ಮೋಡದಂಗ ಮಾಡಿ, ಅದರ ಮ್ಯಾಲ ಕಿಡಿ ಬೀಳಸಬೇಕು. ಇಲ್ಲೇ ಅಂಗಳದಾಗ ಒಮ್ಮಿ ಮಾಡಿ ನೋಡ್ರಿ ಕಾಕಾ. ಮನ್ಯಾಗ ಹತ್ತದ್ದು ಮಳ್ಯಾಗ ಹತ್ತೂದಿಲ್ಲ."

ತಮ್ಮಣ್ಣ ತಲೆ ಆಡಿಸಿದ. ಅರ್ಧ ಕೇಳಿಸಿತ್ತು, ಅರ್ಧ ಇಲ್ಲ. ಮಗ್ಗದ ಸದ್ದಿನಲ್ಲಿ ವರುಷಗಟ್ಟಲೆ ಕಳೆದವನಿಗೆ ಮಾತು ಪೂರ್ತಿ ಕೇಳದಿದ್ದರೂ ತಲೆ ಆಡಿಸುವುದು ರೂಢಿ.

"ನಮ್ಮ ಕಡ್ಡಿಪೆಟ್ಟಿಗಿ ಸಾಕು ಬಿಡು" ಎಂದ ಚೆನ್ನವ್ವ ಅದನ್ನೆತ್ತಿ ಕಿವಿಯ ಹತ್ತಿರ ಅಲುಗಿಸಿದಳು. ಗಲಗಲ ಎಂದಿತು. "ಕೇಳು. ತುಂಬೇತಿ."

"ಸದ್ದು ಕೇಳಬ್ಯಾಡ್ರಿ ಮಾವಶಿ, ತೆಗದು ನೋಡ್ರಿ."

ತಮ್ಮಣ್ಣನ ಬಾಯಿ ಅರೆ ತೆರೆಯಿತು. ಅಷ್ಟರಲ್ಲಿ ಗಲ್ಲಿಯ ತುದಿಯಲ್ಲಿ ಟೆಂಪೋದ ಹಾರ್ನ್ ಕೇಳಿಸಿತು, ಕೂಸು ಎಚ್ಚೆತ್ತು ಅತ್ತಿತು. ಚೆನ್ನವ್ವ ಪೆಟ್ಟಿಗೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಎರಡು ಗಂಟು ಬಿಗಿದಳು. ಸಲಾಕೆಯನ್ನೂ "ಮಗಾ ಕಳಿಸ್ಯಾನಂತ" ಎಂದು ಅದರಲ್ಲೇ ತುರುಕಿದಳು. ತಮ್ಮಣ್ಣನ ಬಾಯಿ ಮುಚ್ಚಿಕೊಂಡಿತು.

ಟೆಂಪೋದವನು ಕೃಷ್ಣಾತ. ಗಡಹಿಂಗ್ಲಜದ ಕಡೆಯವನು, ಮಗ್ಗಗಳಿಗೆ ನೂಲಿನ ಗಂಟು ಸಾಗಿಸುವವನು. ಕನ್ನಡವನ್ನೂ ಮರಾಠಿಯನ್ನೂ ಕಲಸಿ ಮಾತಾಡುವವನು. ಬಾಣಂತಿಯನ್ನು ಮುಂದೆ ಕೂರಿಸಿ, ಗಂಡಹೆಂಡತಿಯನ್ನು ಹಿಂದೆ ತಾಡಪತ್ರಿಯ ಕೆಳಗೆ ಕೂರಿಸಿ, "ಕಾಳಜೀ ನಕಾ ಕರೂ ಮಾಮಾ, ಚಿಂತಿ ಬ್ಯಾಡ, ಊಟಕ್ಕ ಬೀಗರ ಮನ್ಯಾಗ" ಎಂದ.

ಹೆದ್ದಾರಿಯ ಮೇಲೆ ಮುಂದೆ ನೀರು ಬಂದಿದೆ ಎಂದು ಪೋಲೀಸರು ಹಿಂದಕ್ಕೆ ಕಳಿಸಿದರು. ಕೃಷ್ಣಾತ ಗಾಡಿಯನ್ನು ಬಿದ್ರಿ ಕಡೆಯ ಒಳದಾರಿಗೆ ತಿರುಗಿಸಿದ. ಎರಡೂ ಕಡೆ ಕಬ್ಬು, ನಡುವೆ ದಾರಿ. ಒಂದು ಹಳ್ಳದ ಸೇತುವೆ ದಾಟಿದರು. ಮುಂದಿನ ಸೇತುವೆಗೆ ಬಂದಾಗ ಅದು ಕಾಣಲಿಲ್ಲ. ಕೆಂಪು ನೀರು ಒಂದೇ ಸಮ ಹರಿಯುತ್ತಿತ್ತು.

"ದಾಟಬಹುದೇನು?" ಎಂದು ಚೆನ್ನವ್ವ ಕೂಗಿದಳು.

"ಮಾವಶಿ, ನಾ ಹುಚ್ಚ ಅದೀನಿ, ಆದ್ರ ಅಷ್ಟು ಹುಚ್ಚ ಅಲ್ಲ" ಎಂದ ಕೃಷ್ಣಾತ. ಗಾಡಿಯನ್ನು ಹಿಂದಕ್ಕೆ ತಂದ. ಅಷ್ಟರಲ್ಲಿ ದಾಟಿ ಬಂದಿದ್ದ ಸೇತುವೆಯ ಮೇಲೂ ನೀರು ಏರಿತ್ತು. ತಗ್ಗಿನಲ್ಲಿ ನಿಂತ ನೀರಿಗೆ ಇಳಿದ ಟೆಂಪೋ ಕೆಮ್ಮಿ ಕೆಮ್ಮಿ ಬಂದ್ ಆಯಿತು. ಫೋನಿಗೆ ರೇಂಜ್ ಇರಲಿಲ್ಲ. ದಿಬ್ಬದ ಮೇಲೆ, ಕಬ್ಬಿನ ಹೊಲದ ಅಂಚಿಗೆ, ತಗಡಿನ ಮಾಡಿನ ಗಾಣದ ಮನೆಯೊಂದು ಕಾಣುತ್ತಿತ್ತು. ಬೆಲ್ಲ ಮಾಡುವ ಜಾಗ. ಮಳೆಗಾಲದಲ್ಲಿ ಅಲ್ಲಿ ಯಾರೂ ಇರುವುದಿಲ್ಲ.

ಮೊಣಕಾಲಿನವರೆಗಿನ ಕೆಸರಿನಲ್ಲಿ ನಡೆದು ಅಲ್ಲಿಗೆ ಮುಟ್ಟುವಷ್ಟರಲ್ಲಿ ಎಲ್ಲರೂ ತೊಯ್ದು ತೊಪ್ಪೆಯಾಗಿದ್ದರು. ಪ್ರಣಿತಾ ಕೂಸನ್ನು ಎದೆಗವಚಿ ತಂದಿದ್ದಳು. ಆದರೂ ಅದರ ಕೌದಿ ನೆನೆದಿತ್ತು.

ಒಳಗೆ ಒಣಗಿತ್ತು. ದೊಡ್ಡ ಒಲೆ ಇತ್ತು, ಅದರ ಮೇಲಿನ ಕಡಾಯಿಯನ್ನು ಇಳಿಸಿ ಗೋಡೆಗೆ ಒರಗಿಸಿದ್ದರು. ಮೂಲೆಯಲ್ಲಿ ಹಿಂಡಿದ ಕಬ್ಬಿನ ಸಿಪ್ಪೆಯ ರಾಶಿ, ಮುಟ್ಟಿದರೆ ಕರಕರ ಎನ್ನುವಷ್ಟು ಒಣಗಿದ್ದು. ಒಲೆಯೂ ಇದೆ, ಉರುವಲೂ ಇದೆ.

"ದೇವರು ದೊಡ್ಡಾವ" ಎಂದಳು ಚೆನ್ನವ್ವ. ಕೂಸಿನ ಒದ್ದೆ ಬಟ್ಟೆ ಬಿಚ್ಚಿ, ಪ್ರಣಿತಾಳ ಎದೆಯ ಚರ್ಮಕ್ಕೆ ಅಂಟಿಸಿ ಮಲಗಿಸಿದಳು. ಚೀಲದ ತಳದಲ್ಲಿ ಒಣಗಿ ಉಳಿದಿದ್ದ ಒಂದೇ ಸೀರೆಯನ್ನು ಇಬ್ಬರ ಮೇಲೂ ಸುತ್ತಿದಳು. ಪ್ರಣಿತಾಳ ಹಲ್ಲು ಕಟಕಟ ಎನ್ನುತ್ತಿತ್ತು. ಕೂಸು ಮೊದಲು ಜೋರಾಗಿ ಅತ್ತಿತು. ಆಮೇಲೆ ಅದರ ಅಳು ಸಣ್ಣದಾಯಿತು. ಆಮೇಲೆ ಇನ್ನೂ ಸಣ್ಣದು.

"ಅವ್ವಾ, ಇದರ ಕಾಲು ಥಣ್ಣಗ ಆಗ್ಯಾವ" ಎಂದಳು ಪ್ರಣಿತಾ.

ಚೆನ್ನವ್ವ ಪ್ಲಾಸ್ಟಿಕ್ ಚೀಲದ ಗಂಟು ಬಿಚ್ಚಿದಳು. ಪೆಟ್ಟಿಗೆ ಒಣಗಿತ್ತು. ಅಲುಗಿಸಿದಳು, ಗಲಗಲ ಎಂದಿತು. ತೆರೆದಳು.

ಒಳಗಿದ್ದವೆಲ್ಲ ಸುಟ್ಟ ಕಡ್ಡಿಗಳು.

ತಗಡಿನ ಮೇಲೆ ಮಳೆ ಬೀಳುತ್ತಿತ್ತು. ಚೆನ್ನವ್ವ ಕಡ್ಡಿಗಳನ್ನು ಅಂಗೈಗೆ ಸುರಿದುಕೊಂಡು ಒಂದೊಂದನ್ನೇ ಸರಿಸಿ ನೋಡಿದಳು. ತಲೆಯಿದ್ದ ಕಡ್ಡಿ ಒಂದೂ ಇರಲಿಲ್ಲ.

ಇದು ಆ ಗಲ್ಲಿಯವರಷ್ಟೇ ಮಾಡುವ ತಪ್ಪು. ಮಗ್ಗದ ಸಾಲಿನಲ್ಲಿ ಸುಟ್ಟ ಕಡ್ಡಿಯನ್ನು ಯಾರೂ ನೆಲಕ್ಕೆ ಎಸೆಯುವುದಿಲ್ಲ. ಗಾಳಿಯಲ್ಲಿ ಹಾರಿ ಬಂದ ನೂಲಿನ ಧೂಳು ನೆಲದಲ್ಲಿ, ಗೋಡೆಯಲ್ಲಿ, ಜಂತಿಯ ಮೇಲೆ ಎಲ್ಲ ಕಡೆ ಕುಳಿತಿರುತ್ತದೆ. ಒಂದು ಕೆಂಡದ ತುದಿ ಬಿದ್ದರೆ ಶೆಡ್ಡೇ ಹೋಗುತ್ತದೆ. ಅದಕ್ಕೇ ಕಡ್ಡಿ ಆರಿದ ಮೇಲೆ ಮರಳಿ ಪೆಟ್ಟಿಗೆಯೊಳಗೆ ಹಾಕುವುದು ಅಲ್ಲಿಯ ಶಿಸ್ತು. ಶಿಸ್ತು ಒಳ್ಳೆಯದೇ. ಪೆಟ್ಟಿಗೆ ಮಾತ್ರ ಎಂದೂ ಖಾಲಿಯಾದಂತೆ ಕೇಳಿಸುವುದಿಲ್ಲ.

ತಮ್ಮಣ್ಣ ಹೆಂಡತಿಯ ಅಂಗೈಯನ್ನು ನೋಡಿದ. ಕಡ್ಡಿಗಳು ತುದಿಯಲ್ಲಷ್ಟೇ ಕರಿಯಾಗಿದ್ದವು. ದೇವರ ಗೂಡಿನ ಎರಡು ದೀಪ ಹಚ್ಚುವವಳು ಕಡ್ಡಿಯನ್ನು ಬೆರಳು ಸುಡುವವರೆಗೆ ಉರಿಸುತ್ತಾಳೆ. ಬೀಡಿ ಹಚ್ಚುವವನು ತುದಿಯಲ್ಲೇ ಊದಿ ಆರಿಸುತ್ತಾನೆ. ಕೂಸು ಹುಟ್ಟಿದ ದಿನವೇ ಬೀಡಿ ಬಿಟ್ಟೆ ಎಂದು ತಮ್ಮಣ್ಣ ಹೆಂಡತಿಯ ಕೈಮೇಲೆ ಕೈಯಿಟ್ಟು ಹೇಳಿದ್ದ. ಅವನು ಕಣ್ಣು ಬೇರೆ ಕಡೆ ತಿರುಗಿಸಿದ.

"ಮಾಮಾ, ಹಂಗ ಯಾಕ ನಿಂತೀರಿ? ನನ್ನ ಕಡೆ ಲೈಟರ್ ಐತಿ" ಎಂದ ಕೃಷ್ಣಾತ ಪ್ಯಾಂಟಿನ ಕಿಸೆಯಿಂದ ಹಸಿರು ಲೈಟರ್ ತೆಗೆದ. ಅದರಿಂದ ನೀರು ಸೋರಿತು. ಗಾಲಿ ತಿರುಗಿಸಿದ, ಕಿಡಿಯೂ ಬರಲಿಲ್ಲ. ಊದಿದ, ಜಾಡಿಸಿದ. ಗಾಲಿಯನ್ನು ಒಣ ಸಿಪ್ಪೆಯ ಮೇಲೆ ಉಜ್ಜಿ ಉಜ್ಜಿ ಒಣಗಿಸಿದ. ಕಿಡಿ ಬರತೊಡಗಿತು. ಉರಿ ಬರಲಿಲ್ಲ.

"ಮುಂಜಾನೆ ಹತ್ತಿತ್ತು! ಆಯೀಚಿ ಶಪ್ಪತ್, ಅವ್ವನ ಆಣಿ, ಹತ್ತಿತ್ತು!"

"ಕಿಸೇದಾಗ ಫೋನಿನ ಕೂಡ ಇಟ್ಟಿದ್ದೇನು?" ಎಂದು ಪ್ರಣಿತಾ ಮೂಲೆಯಿಂದ ಕೇಳಿದಳು. "ಫೋನು ಅದರ ಬಟನ್ ಒತ್ತಿ ಹಿಡದಿರ್ತೈತಿ. ಗ್ಯಾಸು ಹಂಗ ಹೋಗಿಬಿಡ್ತೈತಿ."

ಹಸಿರು ಬಣ್ಣದೊಳಗೆ ಗ್ಯಾಸು ಇದೆಯೋ ಇಲ್ಲವೋ ಯಾರಿಗೂ ಕಾಣುವಂತಿರಲಿಲ್ಲ. ಕೃಷ್ಣಾತ ಮೂಲೆಯಲ್ಲಿ ಮುಚ್ಚಿಟ್ಟಿದ್ದ ಪಂಪಿನ ಇಂಜಿನ್ನನ್ನು ನೋಡಿದ. "ಇದರಾಗ ಪೆಟ್ರೋಲ್ ಇದ್ರ ಸುರೂನೇನು?"

"ಮುಟ್ಟಬ್ಯಾಡ" ಎಂದಳು ಚೆನ್ನವ್ವ. "ಬೆಂಕಿ ಬೇಕಾಗೇತಿ, ನಾವು ಸುಟ್ಟು ಹೋಗೂದು ಬೇಕಾಗಿಲ್ಲ."

ಉಳಿದದ್ದು ಸಲಾಕೆ. ತಮ್ಮಣ್ಣ ಅದನ್ನು ಕೈಗೆ ತೆಗೆದುಕೊಂಡ. ಗೀಚಿದ. ಕರ್. ಮತ್ತೆ ಗೀಚಿದ. ಕರ್. ಮಗ ಸುಳ್ಳು ಹೇಳಿದನೇ? ತಾನು ತಿರುವುಮುರುವು ಹಿಡಿದಿದ್ದೇನೆಯೇ? ವೃಷಾಲಿ ಏನೋ ಹೇಳಿದ್ದಳು. ಏನೋ ತೆಗೆಯಬೇಕು ಎಂದಿದ್ದಳು. ಏನನ್ನು? ಅವನಿಗೆ ಅವಳ ತುಟಿ ಆಡಿದ್ದು ನೆನಪಿತ್ತು, ಮಾತು ನೆನಪಿರಲಿಲ್ಲ.

"ಅಪ್ಪಾ, ಮೊದಲ ಕರೀ ಬಣ್ಣ ಕೆರೀಬೇಕಂತ" ಎಂದಳು ಪ್ರಣಿತಾ. "ವೃಷಾಲಿ ವೈನಿ ಹೇಳೂಮುಂದ ನಾ ಒಳಗ ಮಲಗಿ ಕೇಳಾಕತ್ತಿದ್ದೆ."

ಅವನು ಪಟ್ಟಿಯ ಚೂಪಾದ ಅಂಚಿನಿಂದ ಬಣ್ಣ ಕೆರೆದ. ಒಳಗೆ ಬೂದು ಲೋಹ ಹೊಳೆಯಿತು. ಈ ಸಲ ಒತ್ತಿ ಗೀಚಿದಾಗ ಕಿಡಿಗಳ ಮಳೆಯೇ ಸುರಿಯಿತು. ಕೃಷ್ಣಾತ "ಅರೇ ವ್ಹಾ!" ಎಂದು ಕೂಗಿದ. ಕಿಡಿಗಳು ಕಬ್ಬಿನ ಸಿಪ್ಪೆಯ ಮೇಲೆ ಬಿದ್ದು ಆರಿಹೋದವು. ಮತ್ತೆ ಗೀಚಿದ, ಮತ್ತೆ ಆರಿದವು. ಸಿಪ್ಪೆ ದಪ್ಪ. ಕಿಡಿಗೆ ಅಷ್ಟು ಪುರುಸೊತ್ತು ಇರಲಿಲ್ಲ.

"ನಮ್ಮ ಸೂತಿನ ವೇಸ್ಟ್ ಐತಲ್ಲ!" ಚೆನ್ನವ್ವ ಚೀಲದ ತಳದಿಂದ ಒಣಗಿದ್ದ ನೂಲಿನ ಮುದ್ದೆ ತೆಗೆದಳು. ಮನೆಯಲ್ಲಿ ಲಾಳಿಯ ಕಂಡಕಿಗೆ ನೂಲು ಸುತ್ತುವಾಗ ಉಳಿಯುವ ಎಳೆಗಳು, ಕೈ ಒರೆಸಲು ಇಟ್ಟುಕೊಳ್ಳುವಂಥವು. ತಮ್ಮಣ್ಣ ಅದನ್ನು ಬಿಡಿಸಿ ಹರಡಿ ಕಿಡಿ ಬೀಳಿಸಿದ. ಎಳೆಗಳು ಮುದುಡಿದವು. ಅಲ್ಲಲ್ಲಿ ಕರಗಿ ಸಣ್ಣ ಸಣ್ಣ ಗಟ್ಟಿ ಗುಂಡುಗಳಾದವು. ಉರಿ ಏಳಲಿಲ್ಲ.

ಅವನು ಒಂದು ಗುಂಡನ್ನು ಉಗುರಿನಿಂದ ಒತ್ತಿದ. ಒಡೆಯಲಿಲ್ಲ. ಬಟ್ಟೆಯ ವ್ಯಾಪಾರಿಗಳು ಶೆಡ್ಡಿಗೆ ಬಂದಾಗ ಒಂದು ಎಳೆ ಕಿತ್ತು ಸುಟ್ಟು ನೋಡುವುದನ್ನು ಅವನು ಎಷ್ಟು ಸಲ ಕಂಡಿದ್ದ! ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತನೆಯ ಬೂದಿ. ಇಲ್ಲವಾದರೆ ಇಂಥ ಗುಂಡು.

"ಇದು ಪಾಲಿಸ್ಟರ್" ಎಂದ.

"ಮತ್ತ ಹತ್ತಿ ಎಲ್ಲೈತಿ?"

ಇಷ್ಟು ವರುಷ ನೂಲಿನ ನಡುವೆಯೇ ಬದುಕಿದ ಮನೆಯಲ್ಲಿ ಈಗ ಒಂದು ಹಿಡಿ ಹತ್ತಿ ಇಲ್ಲ. ತಮ್ಮಣ್ಣನಿಗೆ ಅದು ನಂಬಲಾಗಲಿಲ್ಲ. ತನ್ನ ಅಂಗಿ? ಒದ್ದೆ. ಸೀರೆ? ಅದು ಕೂಸಿನ ಮೇಲಿದೆ. ಸಿಪ್ಪೆಯನ್ನೇ ಪುಡಿ ಮಾಡಿದರೆ? ಮಾಡಬಹುದೇನೋ, ಒದ್ದೆ ಕೈಯಲ್ಲಿ ಅದೂ ಒದ್ದೆಯಾದರೆ? ಅವನು ಕೈಯನ್ನು ಗೋಡೆಗೆ ಒರೆಸಿಕೊಂಡ.

ಮೂಲೆಯಲ್ಲಿ ಕೂಸಿನ ಅಳು ನಿಂತಿತು.

"ಪ್ರಣಿತಾ!" ಚೆನ್ನವ್ವ ಚೀರಿದಳು.

"ಉಸಿರಾಡಾಕತ್ತೈತಿ ಅವ್ವಾ. ಆದ್ರ ಹಾಲು ಎಳೀವಲ್ದು."

ಚೆನ್ನವ್ವ ಒಂದು ಗಳಿಗೆ ನಿಂತಳು. ಆಮೇಲೆ ಸೊಂಟದ ಚೀಲಕ್ಕೆ ಕೈಹಾಕಿ ಗುಂಡನೆಯ ಸ್ಟೀಲಿನ ಡಬ್ಬಿ ತೆಗೆದಳು. ಗೂಡಿನ ದೇವರ ಡಬ್ಬಿ. ಮನೆ ಬಿಡುವಾಗ ಅವಳು ಮೊದಲು ಎತ್ತಿಕೊಂಡದ್ದು ಅದನ್ನೇ. ಒಳಗೆ ಕುಂಕುಮ, ದೇವರ ಒಂದು ಬೆಳ್ಳಿಯ ಮುಖ, ಮತ್ತೆ ಅವಳೇ ಕೂತು ಹೊಸೆದ ಹೂಬತ್ತಿಗಳು. ಅಪ್ಪಟ ಹತ್ತಿ. ಒಂದು ಹನಿ ನೀರು ತಾಕಿರಲಿಲ್ಲ.

"ಇವು ದೇವರ ಬತ್ತಿ" ಎಂದಳು, ಯಾರಿಗೆ ಎಂದು ತಿಳಿಯದಂತೆ.

"ಅವ್ವಾ."

"ತೊಗೋರಿ. ದೇವರು ಏನೂ ಅನ್ನೂದಿಲ್ಲ. ಅಂದ್ರ ನಾ ಉತ್ತರ ಕೊಡ್ತೇನಿ."

ಪ್ರಣಿತಾ ಮಲಗಿದಲ್ಲಿಂದಲೇ, ವೃಷಾಲಿ ಹೇಳಿದ್ದಕ್ಕೆ ತಾನು ಬಲ್ಲದ್ದನ್ನೂ ಕೂಡಿಸಿ ಹೇಳುತ್ತ ಹೋದಳು. ಒಂದಿಷ್ಟು ಬತ್ತಿಗೆ ಕೂಸಿನ ಕೊಬ್ಬರಿ ಎಣ್ಣೆ ಸವರಿ ಕೆಳಗಿಡಬೇಕು. ಇನ್ನೊಂದಿಷ್ಟನ್ನು ಎಳೆ ಎಳೆಯಾಗಿ ಬಿಡಿಸಿ, ಮೋಡದ ಹಾಗೆ ಹಗುರ ಮಾಡಿ ಮೇಲಿಡಬೇಕು. ಒಣ ಹತ್ತಿ ಕಿಡಿ ಹಿಡಿಯುತ್ತದೆ, ಎಣ್ಣೆ ಹತ್ತಿ ಉರಿಯನ್ನು ಉಳಿಸುತ್ತದೆ. ಚೆನ್ನವ್ವ ಕೈ ಒರೆಸಿಕೊಂಡು ಹತ್ತಿ ಬಿಡಿಸಿದಳು. ಕೃಷ್ಣಾತ ಗಾಳಿಗೆ ಅಡ್ಡವಾಗಿ ಬೆನ್ನು ಕೊಟ್ಟು ಕುಳಿತ. ಸಿಪ್ಪೆಯನ್ನು ಸೀಳಿ ಕೂದಲಿನಷ್ಟು ತೆಳ್ಳಗೆ ಮಾಡಿ ಪಕ್ಕಕ್ಕೆ ಇಟ್ಟ.

ತಮ್ಮಣ್ಣ ಸಲಾಕೆಯ ತುದಿಯನ್ನು ಹತ್ತಿಗೆ ತಾಗುವಷ್ಟು ಹತ್ತಿರ ಹಿಡಿದ. ಗೀಚಿದ. ಕಿಡಿ ಆಚೆ ಬಿತ್ತು. ಮತ್ತೆ ಗೀಚಿದ. ಕೈ ತಗುಲಿ ಹತ್ತಿಯೇ ಚದುರಿತು. ಚೆನ್ನವ್ವ ಬೈಯಲಿಲ್ಲ, ಮತ್ತೆ ಕೂಡಿಸಿ ಕೊಟ್ಟಳು. ಅವಳು ಬೈದಿದ್ದರೆ ವಾಸಿ ಎನಿಸಿತು ಅವನಿಗೆ. ಮತ್ತೊಮ್ಮೆ ಗೀಚಿದ.

ಹತ್ತಿಯ ಅಂಚಿನಲ್ಲಿ ಹಳದಿ ಚುಕ್ಕೆಯೊಂದು ಮೂಡಿತು. ಅದು ಓಡಿತು. ಉರಿ ಎದ್ದಿತು.

"ಊದಬ್ಯಾಡ್ರಿ! ಯಾರೂ ಊದಬ್ಯಾಡ್ರಿ!" ಎಂದು ಕೃಷ್ಣಾತ ಕೂಗಿದ, ಕೂಗುವಾಗ ತಾನೇ ಅರ್ಧ ಊದಿದ. ಎಣ್ಣೆಯ ಬತ್ತಿ ಉರಿಯನ್ನು ಬಿಡಲಿಲ್ಲ. ತೆಳ್ಳಗಿನ ಸಿಪ್ಪೆ ಹತ್ತಿತು, ಆಮೇಲೆ ದಪ್ಪದ್ದು. ಒಲೆ ಕೆಂಪಾಯಿತು.

ಚೆನ್ನವ್ವ ಬಾಗಿಲು ಮುಚ್ಚಲು ಬಿಡಲಿಲ್ಲ. ಮುಚ್ಚಿದ ಕೋಣೆಯಲ್ಲಿ ಬೆಂಕಿಯ ಹೊಗೆ ಮಲಗಿದವರನ್ನು ಏಳದಂತೆ ಮಾಡುತ್ತದೆ ಎಂದು ಆಸ್ಪತ್ರೆಯ ನರ್ಸ್ ಬಾಣಂತಿಕೋಣೆಯ ಅಗ್ಗಿಷ್ಟಿಕೆಯನ್ನು ತೆಗೆಸಿದ್ದು ಅವಳಿಗೆ ನೆನಪಿತ್ತು. ಕೌದಿಯನ್ನು ಒಲೆಯಿಂದ ದೂರದಲ್ಲಿ ಹರವಿ ಒಣಗಿಸಿದರು. ಊಟದ ಡಬ್ಬಿಯಲ್ಲಿ ಮಳೆನೀರು ಹಿಡಿದು ಕುದಿಸಿ ಪ್ರಣಿತಾಳಿಗೆ ಬಿಸಿಬಿಸಿ ಕುಡಿಸಿದರು. ಕೌದಿ ಒಣಗಿ ಬೆಚ್ಚಗಾದ ಮೇಲೆ ತಾಯಿ ಕೂಸು ಇಬ್ಬರಿಗೂ ಹೊದಿಸಿದರು. ಬಹಳ ಹೊತ್ತು ಒಲೆಗೆ ಸಿಪ್ಪೆ ಒಟ್ಟುತ್ತ ಕುಳಿತರು. ಆಮೇಲೆ ಪ್ರಣಿತಾ ಮೆಲ್ಲಗೆ, "ಎಳೀತು" ಎಂದಳು. ಕೂಸು ಹಾಲು ಕುಡಿಯುತ್ತಿತ್ತು.

ಚೆನ್ನವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಕೃಷ್ಣಾತ ಚಾ ಕಾಸಿ, "ಬೆಲ್ಲದ ಮನ್ಯಾಗ ಕುಂತು ಬೆಲ್ಲ ಇಲ್ಲದ ಚಾ ಕುಡದವರು ನಾವಽ" ಎಂದ. ಎಲ್ಲರೂ ನಕ್ಕರು. ತಮ್ಮಣ್ಣನೂ ನಕ್ಕ. ಪ್ಲಾಸ್ಟಿಕ್ ಚೀಲದ ಮೇಲೆ ಬಿದ್ದಿದ್ದ ಸುಟ್ಟ ಕಡ್ಡಿಗಳನ್ನು ಒಂದೊಂದಾಗಿ ಎತ್ತಿ ಒಲೆಗೆ ಹಾಕಿದ.

ಮರುದಿನ ನೀರು ಇಳಿಯಿತು. ಹೊಲದವರು ಬಂದು ಟ್ರ್ಯಾಕ್ಟರಿನಲ್ಲಿ ಹಳ್ಳ ದಾಟಿಸಿದರು, ಮಗಳೂ ಕೂಸೂ ಬೀಗರ ಮನೆ ಮುಟ್ಟಿದರು. ಹೊರಡುವ ಮೊದಲು ಒಲೆಗೆ ನೀರು ಸುರಿದು, ಬೂದಿ ಮುಟ್ಟಿ ನೋಡಿ, ತಣ್ಣಗಾದ ಮೇಲೆ ಹೊರಟರು.

ನೆರೆ ಇಳಿದು ಮಗ್ಗಗಳ ಖಟಖಟ ಮತ್ತೆ ಶುರುವಾದ ಮೇಲೆ ವೃಷಾಲಿಯ ಮನೆಯಲ್ಲಿ ಬಚತ್ ಗಟ್ ಸೇರಿತು. ಪ್ರತಿಯೊಬ್ಬರೂ ಮನೆಯ ಕಡ್ಡಿಪೆಟ್ಟಿಗೆ ತರಬೇಕು ಎಂದು ಅವಳು ಹೇಳಿ ಕಳಿಸಿದ್ದಳು. ಎಲ್ಲರಿಗೂ ಅಲುಗಿಸಲು ಹೇಳಿದಳು. ಕೋಣೆಯೆಲ್ಲ ಗಲಗಲ ಎಂದಿತು. "ಈಗ ತೆಗೀರಿ" ಎಂದಳು. ಗಲ್ಲಿಯ ರಾಯವ್ವನ ಪೆಟ್ಟಿಗೆಯಲ್ಲಿ ಅರ್ಧಕ್ಕರ್ಧ ಸುಟ್ಟ ಕಡ್ಡಿಗಳು. ಪಕ್ಕದವಳದ್ದರಲ್ಲಿ ಹೆಚ್ಚೂಕಡಿಮೆ ಎಲ್ಲವೂ ಸುಟ್ಟವೇ. ನಗು ಎದ್ದಿತು, ಬೇಗ ನಿಂತಿತು.

ಚೆನ್ನವ್ವ ಎದ್ದು ನಿಂತು ಗಾಣದ ಮನೆಯ ಕತೆ ಹೇಳಿದಳು. ಹೆಂಗಸರು ಉಸಿರು ಬಿಗಿಹಿಡಿದು ಕೇಳಿದರು.

"ತಪ್ಪು ನಂದು" ಎಂದಳು ಕೊನೆಗೆ. "ದಿನಾ ದೀಪ ಹಚ್ಚೂದು, ಕಡ್ಡಿ ಒಳಗ ಹಾಕೂದು. ನಾನಽ ತುಂಬಿಟ್ಟಿದ್ದೆ. ಈ ಹುಡುಗಿ ತೆಗದು ನೋಡ್ರಿ ಅಂದ್ಲು, ನಾ ಕೇಳಲಿಲ್ಲ. ಕೂಸಿಗೆ ಏನರ ಆಗಿದ್ರ ಯಾವ ಮುಖ ಇಟ್ಕೊಂಡು ಬೀಗರ ಮನಿ ಮುಂದ ನಿಂದರ್ತಿದ್ದೆ? ಈಗ ಸುಟ್ಟ ಕಡ್ಡಿಗೆ ಬ್ಯಾರೆ ತಗಡಿನ ಡಬ್ಬಿ ಇಟ್ಟೇನಿ, ತಳಕ್ಕ ಉಸುಕು ಹಾಕಿ."

ಬಾಗಿಲಲ್ಲಿ ತಮ್ಮಣ್ಣ ನಿಂತಿದ್ದ. ಹೊಸ ಲೈಟರ್, ಸಲಾಕೆ, ಬತ್ತಿಯ ಡಬ್ಬಿ ತೋರಿಸಲು ಹೆಂಡತಿ ಕರೆತಂದಿದ್ದಳು.

"ಕಾಕಾ, ನೀವು ಏನರ ಹೇಳ್ರಿ" ಎಂದಳು ವೃಷಾಲಿ.

ಎಲ್ಲರೂ ಅವನ ಕಡೆ ತಿರುಗಿದರು. ಅವನು ಚೆನ್ನವ್ವನನ್ನು ನೋಡಿದ. ಗೋಡೆಯಾಚೆ ಮಗ್ಗಗಳು ಓಡುತ್ತಿದ್ದವು.

"ಹತ್ತಿ... ಹತ್ತಿ ಒಣಗಿರಬೇಕು" ಎಂದ.

ಓದುತ್ತಿರುವ ತಾಯಂದಿರೇ, ಕೇಳುತ್ತಿರುವ ಅಣ್ಣತಮ್ಮಂದಿರೇ, ಇದು ತಮ್ಮಣ್ಣನ ಮನೆಯ ಮಾತಷ್ಟೇ ಅಲ್ಲ. ಮಳೆಗಾಲದಲ್ಲಿ ಚಂದಗಡದ ಘಟ್ಟಕ್ಕೆ ಹೊರಟವರು, ಗದ್ದೆಯ ಗುಡಿಸಲಲ್ಲಿ ಉಳಿಯುವವರು, ನದಿಯ ದಂಡೆಯಲ್ಲಿ ಮನೆ ಮಾಡಿಕೊಂಡವರು, ನೀವು ಇವತ್ತೇ ಎದ್ದು ಹೋಗಿ ನಿಮ್ಮ ಕಡ್ಡಿಪೆಟ್ಟಿಗೆಯನ್ನು ನೋಡಿ. ಅಲುಗಿಸಬೇಡಿ, ತೆರೆಯಿರಿ. ಹೊಸ ಕಡ್ಡಿಗಳನ್ನು ಗೀಚುವ ಪಟ್ಟಿಯ ಸಮೇತ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಿ. ಗ್ಯಾಸು ಕಾಣುವ ಲೈಟರ್ ಒಂದನ್ನು, ಬಟನ್ ಒತ್ತಿಕೊಳ್ಳದ ಹಾಗೆ, ಬೇರೆ ಜಾಗದಲ್ಲಿ ಇಡಿ. ಕಿಡಿಯ ಸಲಾಕೆ ಸಿಕ್ಕರೆ ತೆಗೆದುಕೊಳ್ಳಿ, ಅದರ ಜೊತೆ ಒಣ ಹತ್ತಿಯ ಬತ್ತಿ ಇರಲಿ, ಪಾಲಿಸ್ಟರ್ ನೂಲು ಬೇಡ. ಬಿಸಿಲಿರುವಾಗಲೇ ಅಂಗಳದಲ್ಲಿ ಕೂತು ಕೈ ಪಳಗಿಸಿಕೊಳ್ಳಿ. ಇವೆಲ್ಲ ಮಕ್ಕಳ ಕೈಗೆ ಸಿಗದಿರಲಿ. ಬೆಂಕಿಗೆ ಪೆಟ್ರೋಲ್ ಸುರಿಯಬೇಡಿ, ಬಾಗಿಲು ಮುಚ್ಚಿ ಬೆಂಕಿ ಕಾಯಿಸಿಕೊಳ್ಳಬೇಡಿ. ಮತ್ತೆ, ಚೀಲ ಕಟ್ಟುವಾಗ ಯಾವುದಾದರೂ ಸಾಮಾನಿನ ಮೇಲೆ ನಿಮಗೆ ಒಂದೇ ಒಂದು ಅನುಮಾನ ಬಂದರೂ ಅದನ್ನು ಬಾಯಿಬಿಟ್ಟು ಹೇಳಿ, ಗಂಟು ಬಿಗಿಯುವ ಮೊದಲೇ ಹೇಳಿ.

ಆ ಪೆಟ್ಟಿಗೆಯ ಕಡ್ಡಿಗಳನ್ನು ಸುಟ್ಟವನು ತಾನು, ಚೆನ್ನವ್ವ ಅದನ್ನು ಅಲುಗಿಸಿದಾಗಲೇ ತನಗೆ ಅದು ನೆನಪಾಗಿತ್ತು ಎಂದು ತಮ್ಮಣ್ಣ ಅವಳಿಗೆ ಎಂದೂ ಹೇಳಲಿಲ್ಲ.